ಕೊನೆಯ ಪುಸ್ತಕ ತೆರೆಯದ ಮಗಳು

ಪ್ರಶ್ನೆ: ಹ್ಯಾರಿ ಪಾಟರ್ ಸರಣಿಯ ಆರು ಪುಸ್ತಕಗಳನ್ನು ಓದಿರುವ ನನ್ನ ಮಗಳು, ಕಥೆ ಮುಗಿದುಹೋಗುತ್ತದೆಂಬ ಬೇಸರದಿಂದ ಏಳನೆಯದನ್ನು ಮುಟ್ಟುತ್ತಲೇ ಇಲ್ಲ. ಏನು ಮಾಡಲಿ?

ಉತ್ತರ: ಒತ್ತಾಯಿಸಬೇಡಿ, 2007ರ ಜುಲೈ 21ರಂದು ಹೊರಬಂದ ಪುಸ್ತಕ ಇನ್ನೂ ಕೆಲವು ವಾರ ಕಾದೀತು. ಅಷ್ಟರಲ್ಲಿ ಮೊದಲನೆಯದನ್ನು ಮತ್ತೊಮ್ಮೆ ಓದಲಿ. ಅಲ್ಲಿ ಹ್ಯಾರಿ ಪೊರಕೆಯೇರಿ ಆಡುವ ತನ್ನ ಮೊದಲ ಕ್ವಿಡಿಚ್ ಪಂದ್ಯದಲ್ಲಿ ಇನ್ನೇನು ನುಂಗಿಯೇಬಿಡುತ್ತಿದ್ದ ರೆಕ್ಕೆಯ ಚಿನ್ನದ ಚೆಂಡು, ಕೊನೆಯ ಪುಸ್ತಕದಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಅವನಿಗೆ ಉಯಿಲಿನಲ್ಲಿ ಬಿಟ್ಟುಹೋದ ವಸ್ತುವಾಗಿ ಮರಳಿ ಬರುತ್ತದೆ (ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಮಗಳು ನನ್ನನ್ನು ಕ್ಷಮಿಸಲಾರಳು). ಮೂವರು ಗೆಳೆಯರು ಡೇರೆ ಹೊತ್ತು ಕಾಡುಮೇಡು ಅಲೆಯುವ ನಡುಭಾಗ ತುಸು ಎಳೆದಂತೆ ಅನಿಸಿದರೂ, ಶಾಲೆಯ ಮೇಷ್ಟ್ರು ಸ್ನೇಪ್‌ನ ನೆನಪುಗಳು ಬಿಚ್ಚಿಕೊಳ್ಳುವ 33ನೆಯ ಅಧ್ಯಾಯಕ್ಕಾಗಿ ಅದನ್ನು ಸಹಿಸಬಹುದು. ಹತ್ತೊಂಬತ್ತು ವರ್ಷಗಳ ನಂತರದ ರೈಲು ನಿಲ್ದಾಣದ ಕೊನೆಯ ದೃಶ್ಯ ಮಾತ್ರ ನನಗೆ ಅಷ್ಟಾಗಿ ರುಚಿಸಲಿಲ್ಲ.