ಅಪ್ಪನ ಲೆನ್ಸು, ಮಗನ ಕ್ಯಾಮೆರಾ

ಈ ಸಲ ಬಂದ ಪತ್ರಗಳಲ್ಲಿ ಹಳೇ ಲೆನ್ಸಿನ ಪ್ರಶ್ನೆಗಳೇ ಜಾಸ್ತಿ. ಊರೂರಿನ ಅಟ್ಟದ ಮೇಲಿದ್ದ ಚರ್ಮದ ಚೀಲಗಳೆಲ್ಲ ಒಟ್ಟಿಗೇ ಕೆಳಗಿಳಿದ ಹಾಗಿದೆ. ಸಾಗರದಲ್ಲಿ ಇಪ್ಪತ್ತೆಂಟು ವರ್ಷ ಸ್ಟುಡಿಯೊ ನಡೆಸಿದ ನನಗೆ ಇದು ಹಬ್ಬದೂಟ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಬೈಯಬೇಡಿ.

ಅಪ್ಪನ ಝೆನಿಟ್ ಫಿಲ್ಮ್ ಕ್ಯಾಮೆರಾದ ಹೀಲಿಯೋಸ್ 44-2 ಲೆನ್ಸನ್ನು ಅಡಾಪ್ಟರ್ ಹಾಕಿ ನನ್ನ ಸೋನಿ ಎ6000ಕ್ಕೆ ಕೂರಿಸಿದೆ. ಬಟನ್ ಒತ್ತಿದರೆ ಫೋಟೊ ಬೀಳುತ್ತಲೇ ಇಲ್ಲ. ಅಗ್ಗದ ಅಡಾಪ್ಟರ್ ಕೊಂಡು ಕೆಟ್ಟೆನಾ? (ಹಾಸನದ ಓದುಗರು)

ಅಡಾಪ್ಟರ್ ಸರಿಯಾಗಿಯೇ ಇದೆ. ಅದರೊಳಗೆ ಗಾಜೂ ಇಲ್ಲ, ತಂತಿಯೂ ಇಲ್ಲ. ಅದೊಂದು ದಪ್ಪ ಬಳೆ, ಅಷ್ಟೇ. ಲೆನ್ಸಿನಿಂದ ಸುದ್ದಿ ಬಾರದಿದ್ದಕ್ಕೆ ಕ್ಯಾಮೆರಾ ತನ್ನ ಬಾಯಿ ಖಾಲಿ ಇದೆ ಅಂದುಕೊಂಡು ಮುಷ್ಕರ ಹೂಡಿದೆ. ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಹುಡುಕಿ ಆನ್ ಮಾಡಿ. ಫ್ಯೂಜಿಯವರಿಗೆ ಇದೇ 'ಶೂಟ್ ವಿತೌಟ್ ಲೆನ್ಸ್'. ಮೇಲಿನ ಡಯಲ್ಲನ್ನು 'ಎ'ಗೆ ತಿರುಗಿಸಿ. ಶಟರ್ ವೇಗವನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ.

ಬರೀ ಬಳೆ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಬೇಕಿತ್ತು ನೀವು. ಝೆನಿಟ್ಟಿನ ಹೊಟ್ಟೆಯಲ್ಲಿ ಕನ್ನಡಿ ಇದೆ. ಅದು ಏಳುವುದಕ್ಕೆ ಜಾಗ ಬೇಕು ಅಂತ ಲೆನ್ಸನ್ನು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಇಟ್ಟಿದ್ದರು. ನಿಮ್ಮ ಸೋನಿಯಲ್ಲಿ ಕನ್ನಡಿ ಇಲ್ಲ, ದೂರ 18 ಮಿಲಿಮೀಟರ್ ಮಾತ್ರ. ಉಳಿದದ್ದನ್ನು ಬಳೆ ತುಂಬುತ್ತದೆ. ಸ್ಕೇಲ್ ಇಟ್ಟು ಅಳೆಯಿರಿ, ಹತ್ತಿರ ಹತ್ತಿರ ಎರಡೂ ಮುಕ್ಕಾಲು ಸೆಂಟಿಮೀಟರ್ ಇರುತ್ತದೆ. ಕೂದಲೆಳೆಯಷ್ಟು ದಪ್ಪವಾದರೂ ದೂರದ ಗುಡ್ಡ ಯಾವತ್ತೂ ಚೂಪಾಗುವುದಿಲ್ಲ. ತುಸು ತೆಳುವಾದರೆ ತೊಂದರೆ ಇಲ್ಲ, ಲೆನ್ಸಿನ ಮೇಲೆ ಕೆತ್ತಿದ ಮೀಟರ್ ಅಂಕಿಗಳನ್ನು ಮಾತ್ರ ನಂಬಬೇಡಿ.

ಇನ್ನೊಂದು. ಅಪರ್ಚರ್ ಅಂದರೆ ಬೆಳಕು ಒಳಬಿಡುವ ಕಿಂಡಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಈ ಲೆನ್ಸಿಗೆ ಅದರ ಬಳೆಗಳು ಎರಡು. ಟಕ್ ಟಕ್ ಅನ್ನುವುದನ್ನು 4ಕ್ಕೆ ಇಡಿ. ಸದ್ದಿಲ್ಲದೆ ತಿರುಗುವುದನ್ನು ಪೂರ್ತಿ ತೆರೆದು, ಪರದೆಯಲ್ಲಿ ದೊಡ್ಡದು ಮಾಡಿ ಕಣ್ಣಿನ ರೆಪ್ಪೆಗೆ ಫೋಕಸ್ ಮಾಡಿ. ಆಮೇಲೆ ಅದು ತಡೆಯುವವರೆಗೂ ತಿರುಗಿಸಿದರೆ ತಾನಾಗಿ 4ಕ್ಕೆ ಬಂದು ನಿಲ್ಲುತ್ತದೆ. ನೋಡದೆಯೇ ಮಾಡಬಹುದು. ವಾರದಲ್ಲಿ ಬೆರಳಿಗೆ ಹತ್ತುತ್ತದೆ.

ನಾನೂ ಹೀಲಿಯೋಸ್ ಕೊಂಡೆ. ಎಲ್ಲರ ಫೋಟೊದಲ್ಲೂ ಹಿನ್ನೆಲೆ ಸುಳಿಯ ಹಾಗೆ ತಿರುಗುತ್ತದೆ, ನನ್ನದರಲ್ಲಿ ಇಲ್ಲ. ನನ್ನದು ನಕಲಿಯೇ? ಕ್ಯಾಮೆರಾ ಫ್ಯೂಜಿ. (ಬೆಂಗಳೂರಿನ ಓದುಗರು)

ಲಕ್ಷಗಟ್ಟಲೆ ತಯಾರಾದ ಲೆನ್ಸು ಇದು. ಜರ್ಮನಿಯ ಝೈಸ್ ಬಯೋಟಾರ್ ನೋಡಿ ರಷ್ಯಾದವರು ಮಾಡಿದ್ದು. ಇದಕ್ಕೆ ಮತ್ತೊಂದು ನಕಲು ಯಾಕೆ ಮಾಡುತ್ತಾರೆ?

ಸುಳಿ ಇರುವುದು ಚಿತ್ರದ ಅಂಚಿನಲ್ಲಿ. ಲೆನ್ಸು ಮಾಡಿದ್ದು ಫಿಲ್ಮಿನ ಮೇಲೆ 36 ಮಿಲಿಮೀಟರ್ ಅಗಲದ ಚಿತ್ರಕ್ಕೆ. ನಿಮ್ಮ ಸೆನ್ಸರ್ ಅಗಲ ಸುಮಾರು 23.5. ನಡುವಿನ ಭಾಗ ಮಾತ್ರ ನಿಮಗೆ, ಅಂಚು ಆಚೆಗೆ. ಹೀಗಾಗಿ 58 ಮಿಲಿಮೀಟರ್ ಲೆನ್ಸು ನಿಮ್ಮಲ್ಲಿ 87ರ ಹಾಗೆ ಕಾಣುತ್ತದೆ.

ಆದರೂ ಸ್ವಲ್ಪ ಸುಳಿ ಬರಿಸಬಹುದು. ಅಪರ್ಚರ್ 2ರಲ್ಲಿ ಪೂರ್ತಿ ತೆರೆದಿರಲಿ. ಮನುಷ್ಯರು ಒಂದೂವರೆ ಮೀಟರಿನಲ್ಲಿರಲಿ, ಹಿಂದೆ ಹತ್ತಾರು ಅಡಿ ದೂರದಲ್ಲಿ ಎಲೆಗಳಿರಲಿ, ಎಲೆ ಸಂದಿಯಿಂದ ಆಕಾಶ ಇಣುಕಲಿ. ನಮ್ಮ ಅಮ್ಮ ಅಂಗಳದಲ್ಲಿ ಅಡಿಕೆ ಹರಡುವಾಗ ತೆಗೆದ ಫೋಟೊ ಒಂದಿದೆ, ಹಿಂದೆ ತೋಟ. ತಲೆಯ ಹತ್ತಿರದ ಬೆಳಕಿನ ಚುಕ್ಕೆಗಳು ದುಂಡಗಿವೆ. ಅಂಚಿಗೆ ಹೋದಂತೆ ಬಾದಾಮಿಯ ಹಾಗೆ ಚಪ್ಪಟೆಯಾಗಿ, ಎಲ್ಲವೂ ಅಮ್ಮನ ಸುತ್ತ ಪ್ರದಕ್ಷಿಣೆ ಹಾಕುತ್ತಿವೆ. ಅದೇ ಅಮ್ಮ ಸುಣ್ಣದ ಗೋಡೆ ಮುಂದೆ ಕೂತರೆ ಒಂದು ಚುಕ್ಕೆಯೂ ಅಲ್ಲಾಡುವುದಿಲ್ಲ.

ನಿಜ ಹೇಳಲಾ? ಎರಡು ತಿಂಗಳಿಗೆ ನನಗೆ ಆ ಸುಳಿ ಸಾಕಾಯಿತು. ಈಗ 5.6ರಲ್ಲಿ ತೆಗೆಯುತ್ತೇನೆ. ಕೈಯ ಸುಕ್ಕು, ಅಡಿಕೆಯ ಸಿಪ್ಪೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ.

ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಒರೆಸಿದರೆ ಹೋಗುತ್ತಿಲ್ಲ. (ಕುಂದಾಪುರದ ಓದುಗರು)

ಫಂಗಸ್ಸು. ಕುಂದಾಪುರಕ್ಕೂ ಸಾಗರಕ್ಕೂ ಇದು ನೆಂಟ, ಮಳೆಗಾಲದಲ್ಲಿ ಕರೆಯದೇ ಬರುತ್ತದೆ.

1994ರ ಮಳೆಗಾಲದಲ್ಲಿ ನನ್ನ 135 ಮಿಲಿಮೀಟರ್ ಲೆನ್ಸನ್ನು ಅದರದೇ ಚರ್ಮದ ಚೀಲದಲ್ಲಿ ಹಾಕಿ ಬೀರುವಿನ ಮೇಲಿಟ್ಟೆ. ಜೋಪಾನ ಮಾಡಿದೆ ಅಂದುಕೊಂಡಿದ್ದೆ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ಕತ್ತಲೆ ಬೇರೆ. ನವರಾತ್ರಿಗೆ ತೆಗೆದು ನೋಡಿದರೆ ಗಾಜಿನೊಳಗೆ ಬಿಳಿ ಬೇರು ಬಿಟ್ಟಿತ್ತು. ಪೇಟೆಯ ರಿಪೇರಿಯವರೊಬ್ಬರು ಬಿಚ್ಚಿ ತೊಳೆದರು. ತೊಳೆದದ್ದೇನೋ ಸರಿ, ಒಂದು ಗಾಜನ್ನು ತಿರುಗುಮುರುಗಾಗಿ ಕೂರಿಸಿದ್ದರು. ಮದುವೆಯೊಂದರ ಗುಂಪು ಫೋಟೊದಲ್ಲಿ ನಡುವಿನವರು ಬಿಟ್ಟು ಉಳಿದವರೆಲ್ಲ ಮಂಜಿನಲ್ಲಿ ನಿಂತಿದ್ದರು. ಆ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ನಗುತ್ತಾರೆ.

ನೀವು ಮೊದಲು ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಸುಮ್ನೆ ಬಳಸಿ, ಬೆಳಕಿಗೆ ಎದುರಾಗಿ ತೆಗೆದಾಗ ಬಿಟ್ಟರೆ ಗೊತ್ತೂ ಆಗದು. ನಡುವೆ ಹಬ್ಬಿದ್ದರೆ ಬಿಚ್ಚಿಸಬೇಕು. ತೊಳೆದ ಮೇಲೂ ಕಲೆ ಉಳಿಯಬಹುದು, ಫಂಗಸ್ ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿಂದಿರುತ್ತದೆ. ಹಳೇ ಲೆನ್ಸ್ ಕೊಳ್ಳುವವರೂ ಈ ಟಾರ್ಚ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಬೆಂಗಳೂರಿನ ಸಂಡೇ ಬಜಾರಿನಲ್ಲಾದರೂ ಅಷ್ಟೇ.

ಉಳಿದ ಲೆನ್ಸುಗಳಿಗೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರ್ ಸಾಕು. 45ರಿಂದ 50 ಪರ್ಸೆಂಟ್ ಇರಲಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ. ಬೇಡ ಮಾರಾಯ್ರೇ, ಹಿಟ್ಟಿನ ಪುಡಿ ಫೋಕಸ್ ಬಳೆಯೊಳಗೆ ಸೇರುತ್ತದೆ.

ನನ್ನ ಸೂಪರ್ ಟಾಕುಮಾರ್ 50 ಮಿ.ಮೀ. 1.4 ಲೆನ್ಸು ಹಳದಿಯಾಗಿದೆ. ಅದರಲ್ಲಿ ವಿಕಿರಣ ಇದೆಯಂತೆ, ಬಿಸಾಡಲೇ? (ಧಾರವಾಡದ ಓದುಗರು)

ಬಿಸಾಡುವುದಾದರೆ ನನ್ನ ಮನೆ ಕಡೆ ಬಿಸಾಡಿ! ಗಾಜಿಗೆ ಥೋರಿಯಂ ಬೆರೆಸಿದ್ದಾರೆ, ಅದರಿಂದಲೇ ವರ್ಷಗಳು ಕಳೆದಂತೆ ಚಹಾ ಬಣ್ಣ ಬರುತ್ತದೆ. ಫೋಟೊ ತೆಗೆಯುವುದಕ್ಕೆ ಹೆದರಬೇಕಿಲ್ಲ. ಒಡೆಯಬೇಡಿ, ಉಜ್ಜಬೇಡಿ, ಹಿಂದಿನ ಗಾಜನ್ನು ಕಣ್ಣಿಗೆ ಒತ್ತಿ ಭೂತಗನ್ನಡಿ ಮಾಡಿಕೊಳ್ಳಬೇಡಿ.

ಹಳದಿ ತೆಗೆಯಲು ಎರಡೂ ಮುಚ್ಚಳ ತೆಗೆದು ಕೆಲವು ವಾರ ಬಿಸಿಲಿಗಿಡಿ. ಕೆಳಗೆ ಅಲ್ಯುಮಿನಿಯಂ ಫಾಯಿಲ್ ಕಡ್ಡಾಯ. ನಾನು ಅದಿಲ್ಲದೆ ಕಿಟಕಿ ಪಕ್ಕದ ಸೋಫಾ ಮೇಲೆ ಇಟ್ಟಿದ್ದೆ. ಕವರಿನಲ್ಲಿ ಶೇಂಗಾ ಕಾಳಿನಷ್ಟು ತೂತು ಈಗಲೂ ಇದೆ, ಮನೆಯವರು ಬಂದವರಿಗೆಲ್ಲ ತೋರಿಸುತ್ತಾರೆ.

ಮೂರು ವರ್ಷದ ಮಗಳು ಒಂದು ಕಡೆ ನಿಲ್ಲುವುದಿಲ್ಲ. ಕೈಯಿಂದ ಫೋಕಸ್ ಮಾಡುವಷ್ಟರಲ್ಲಿ ಓಡಿರುತ್ತಾಳೆ. ಹಳೇ 28 ಮಿ.ಮೀ. ಲೆನ್ಸು, ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ. (ಶಾರ್ಜಾದ ಓದುಗರು)

ಓಡಲಿ ಬಿಡಿ. ಅಪರ್ಚರ್ 8, ಫೋಕಸ್ 5 ಮೀಟರ್. ಸುಮಾರು ಎರಡೂವರೆ ಮೀಟರಿನಿಂದ ಆಚೆ ಇರುವುದೆಲ್ಲ ಚೆನ್ನಾಗಿ ಬರುತ್ತದೆ, ಬಳೆ ಮುಟ್ಟುವುದೇ ಬೇಡ. ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಯದ ಹಾಗೆ ಐಎಸ್‌ಒ, ಅಂದರೆ ಬೆಳಕು ಗ್ರಹಿಸುವ ಅಂಕಿ, ಏರಿಸಿಕೊಳ್ಳಿ. ನಿಮ್ಮೂರಿನ ಬಿಸಿಲಿಗೆ ಅದೂ ಬೇಕಾಗಲಾರದು. ಹುಟ್ಟುಹಬ್ಬದ ಸಂಜೆ ಮಾತ್ರ ಕ್ಯಾಮೆರಾ ಜೊತೆ ಬಂದ ಆಟೊಫೋಕಸ್ ಲೆನ್ಸನ್ನೇ ಹಾಕಿ. ಮೇಣದಬತ್ತಿಯನ್ನು ಅವಳು ನಿಮಗೋಸ್ಕರ ಇನ್ನೊಂದು ಸಲ ಊದುವುದಿಲ್ಲ.