ಇಲಿಗಳ ಡಿಎನ್‌ಎ ಹಾನಿ ನೋಡೋಕೆ 7 ಟೆಸ್ಲಾ ಸಾಕಾ, 14 ಬೇಕಾ?

ಬಲವಾದ ಮ್ಯಾಗ್ನೆಟ್ ಇಲಿಗಳ ಡಿಎನ್‌ಎ ಕೆಡಿಸುತ್ತಾ ಅಂತ ನೋಡೋಕೆ ಹೊರಟು ನೀವು ಕೇಳಿದ ಪ್ರಶ್ನೆ ಇದು (ಟೆಸ್ಲಾ ಅಂದರೆ ಮ್ಯಾಗ್ನೆಟ್‌ನ ಬಲದ ಅಳತೆ). ಹನ್ನೊಂದು ವರ್ಷದ ಹಿಂದೆ ನಾನೂ ಥೀಸಿಸ್ ಗೈಡ್ ಮುಂದೆ ನಿಂತು ಇದನ್ನೇ ಕೇಳಿದ್ದೆ. "ನಮಗೆ ಸಿಗೋದು 7ರದ್ದು, ಅದರಲ್ಲೇ ಮಾಡು" ಅಂದರು. ಮಾಡಿದೆ.

24 ಇಲಿ. ಹನ್ನೆರಡನ್ನು ದಿನಾ ಎರಡು ಗಂಟೆ ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿ ಮ್ಯಾಗ್ನೆಟ್ ಒಳಗೆ ತಳ್ಳುತ್ತಿದ್ದೆ. ಉಳಿದ ಹನ್ನೆರಡು ಪಂಜರದಲ್ಲೇ ಇದ್ದವು, ಹೋಲಿಸಿ ನೋಡೋಕೆ ಇಟ್ಟ ಕಂಟ್ರೋಲ್ ಗುಂಪು ಅವೇ. ಹತ್ತು ದಿನ ಆದಮೇಲೆ ರಕ್ತ ತೆಗೆದು ಕಾಮೆಟ್ ಟೆಸ್ಟ್ ಮಾಡಿದೆ. ಜೀವಕೋಶಗಳನ್ನು ಜೆಲ್‌ನಲ್ಲಿ ಕೂರಿಸಿ, ಒಡೆದು, ಕರೆಂಟ್ ಹಾಯಿಸಿದರೆ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಎಳೆದುಕೊಳ್ಳುತ್ತೆ. ರಾತ್ರಿ ಕತ್ತಲ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಒಂದೊಂದು ಕೋಶಕ್ಕೂ ಹಸಿರು ಬಾಲ. ಮ್ಯಾಗ್ನೆಟ್ ಗುಂಪಿನ ಬಾಲ ಕಂಟ್ರೋಲಿಗಿಂತ ಎದ್ದು ಕಾಣುವಷ್ಟು ಉದ್ದ. ಥೀಸಿಸ್ ಮುಗಿದೇ ಹೋಯಿತು ಅಂದುಕೊಂಡೆ.

ಎರಡನೇ ಬ್ಯಾಚ್ ಶುರು ಮಾಡುವ ಹೊತ್ತಿಗೆ ಮ್ಯಾಗ್ನೆಟ್ ರಿಪೇರಿಗೆ ಬಂತು. ಫೀಲ್ಡ್, ಅಂದರೆ ಅದರ ಕಾಂತಕ್ಷೇತ್ರವನ್ನು, ಪೂರ್ತಿ ಇಳಿಸಿಬಿಟ್ಟರು. ಇಲಿಗಳಿಗೆ ವಯಸ್ಸು ಮೀರುತ್ತೆ, ಅಲ್ಲಿಯವರೆಗೆ ಕೊಳವೆಗಾದರೂ ಒಗ್ಗಲಿ ಅಂತ ಆರು ಇಲಿಗಳನ್ನು ಆ ಸತ್ತ ಮ್ಯಾಗ್ನೆಟ್‌ಗೇ ಹತ್ತು ದಿನ ಹಾಕಿದೆ. ಕೊನೆಗೆ ಸುಮ್ಮನೆ ಅವುಗಳ ರಕ್ತವನ್ನೂ ನೋಡಿದೆ. ಬಾಲ ಅಷ್ಟೇ ಉದ್ದ! ಫೀಲ್ಡ್ ಸೊನ್ನೆ, ಹಾನಿ ಮಾತ್ರ ಹಾಗೇ ಇದೆ.

ಇಲ್ಲಿ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ನನ್ನ ಕಂಟ್ರೋಲ್ ಇಲಿಗಳು ಕಂಟ್ರೋಲೇ ಆಗಿರಲಿಲ್ಲ. ಅವು ಒಂದು ದಿನವೂ ಕೊಳವೆಯಲ್ಲಿ ಸಿಕ್ಕಿಹಾಕಿಕೊಂಡಿರಲಿಲ್ಲ. ಮ್ಯಾಗ್ನೆಟ್ ಒಳಗಿನ ಚಳಿ ಕಂಡಿರಲಿಲ್ಲ, ಕೂಲಿಂಗ್ ಪಂಪಿನ ಚಿಕ್-ಚಿಕ್ ಸದ್ದು ಕೇಳಿರಲಿಲ್ಲ. ಅವುಗಳ ರಕ್ತವನ್ನು ಲ್ಯಾಬ್ ಪಕ್ಕದ ಕೋಣೆಯಲ್ಲೇ ತೆಗೆದು ಹತ್ತು ನಿಮಿಷದಲ್ಲಿ ಸ್ಲೈಡಿಗೆ ಹಾಕುತ್ತಿದ್ದೆ. ಮ್ಯಾಗ್ನೆಟ್ ಗುಂಪಿನ ರಕ್ತ ಬೇರೆ ಕಟ್ಟಡದಿಂದ ಬರಬೇಕು. ಬರುತ್ತಿದ್ದದ್ದು ನನ್ನ ಕೋಟಿನ ಜೇಬಲ್ಲಿ, ಐಸ್ ಇಲ್ಲದೆ, ಐವತ್ತು ನಿಮಿಷ! ಹೊರಗೆ ತೆಗೆದ ರಕ್ತವನ್ನು ಬೆಚ್ಚಗೆ ಬಿಟ್ಟರೆ ಅದರ ಡಿಎನ್‌ಎ ತಾನಾಗಿಯೇ ಕೆಡುತ್ತೆ. ಸಾಲದ್ದಕ್ಕೆ ಬಾಲ ಅಳೆಯುತ್ತಿದ್ದವನು ನಾನೇ, ಸ್ಲೈಡ್ ಮೇಲೆ ಗುಂಪಿನ ಹೆಸರು ಬರೆದಿದ್ದವನೂ ನಾನೇ. ಎರಡು ಗುಂಪಿನ ನಡುವೆ ಐದು ವ್ಯತ್ಯಾಸ ಇಟ್ಟುಕೊಂಡು ಫಲಿತಾಂಶವನ್ನು ಆರನೆಯದರ ತಲೆಗೆ ಕಟ್ಟಿದ್ದೆ. ಮೊದಲ ದಿನವೇ ಫೀಲ್ಡ್ ಇಲ್ಲದ ಡಮ್ಮಿ ಕೊಳವೆಯಲ್ಲಿ, ಅದೇ ಚಳಿ, ಅದೇ ಸದ್ದು, ಅದೇ ಎರಡು ಗಂಟೆ ಒಂದು ಗುಂಪನ್ನು ಕೂರಿಸಿದ್ದರೆ ಇಷ್ಟು ಇಲಿಗಳು ಸುಮ್ಮನೆ ಸಾಯುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಕಥೆ ಅಂತಾರಲ್ಲ, ನನಗೆ ಇಲಿಯೂ ದಕ್ಕಲಿಲ್ಲ.

ಹಾಗಾಗಿ ನಿಮ್ಮ 7ಓ 14ಓ ಅನ್ನೋ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. 7 ಟೆಸ್ಲಾದಲ್ಲಿ ಒಂದು ಎಲೆಕ್ಟ್ರಾನ್‌ನ ಸ್ಪಿನ್‌ಗೆ (ಅದರ ಪುಟ್ಟ ಕಾಂತಗುಣಕ್ಕೆ) ಸಿಗುವ ಶಕ್ತಿ ಸುಮಾರು 0.0004 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿಯ ಅಳತೆ). ದೇಹದ ಬಿಸಿಯೇ 0.027 ಇದೆ. ಡಿಎನ್‌ಎಯ ಒಂದು ರಾಸಾಯನಿಕ ಬಂಧ ಮುರಿಯೋಕೆ 3-4 ಬೇಕು. ಎರಡು ಪಟ್ಟು ಮಾಡಿದರೂ ಎಲ್ಲಿಂದೆಲ್ಲಿಗೆ? ಇದು ಎಕ್ಸ್-ರೇ ಅಲ್ಲ. ಹಕ್ಕಿಗಳು ದಿಕ್ಕು ಹಿಡಿಯೋಕೆ ಬಳಸುತ್ತವೆ ಅನ್ನುವ ರ‍್ಯಾಡಿಕಲ್ ಜೋಡಿಯ (ಒಂಟಿ ಎಲೆಕ್ಟ್ರಾನ್ ಇರುವ ಎರಡು ಅಣುಗಳ) ಕ್ರಿಯೆ ಇದೆಯಲ್ಲ ಅಂತೀರಾ? ಅದು ಭೂಮಿಯ 50 ಮೈಕ್ರೋಟೆಸ್ಲಾ (ಟೆಸ್ಲಾದ ಹತ್ತು ಲಕ್ಷದಲ್ಲಿ 50 ಪಾಲು) ಆಸುಪಾಸಲ್ಲೇ ನಡೆಯುವ ಮಾತು. ಅಲ್ಲೂ ಟೆಸ್ಲಾ ಏರಿಸಿದಷ್ಟೂ ಪರಿಣಾಮ ಏರುತ್ತೆ ಅಂತೇನಿಲ್ಲ. 1997ರಲ್ಲಿ ನೆದರ್ಲೆಂಡ್ಸ್‌ನ ನೈಮೇಖೆನ್‌ನಲ್ಲಿ ಭೌತವಿಜ್ಞಾನಿ ಆಂದ್ರೆ ಗೈಮ್ ತಂಡ 16 ಟೆಸ್ಲಾದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿತ್ತು. ಕಪ್ಪೆ ಇಳಿದು ಆರಾಮಾಗಿ ಹೋಯಿತು.

ಹಾಗಂತ ಏನೂ ಆಗಲ್ಲ ಅಂತಲ್ಲ. ಆಗೋದು ಕಿವಿಯಲ್ಲಿ. ಒಳಕಿವಿಯ ದ್ರವದಲ್ಲಿ ಸದಾ ಅಯಾನುಗಳ (ವಿದ್ಯುತ್ ಆವೇಶ ಇರುವ ಕಣಗಳ) ಸಣ್ಣ ಪ್ರವಾಹ ಇರುತ್ತೆ, ಬಲವಾದ ಫೀಲ್ಡ್ ಅದನ್ನು ತಳ್ಳುತ್ತೆ. ತಲೆ ತಿರುಗುತ್ತಿದೆ ಅಂತ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತೆ. 7 ಟೆಸ್ಲಾ ಸ್ಕ್ಯಾನರ್‌ನಲ್ಲಿ ಮಲಗಿದ ಮನುಷ್ಯರ ಕಣ್ಣು ಕತ್ತಲಲ್ಲಿ ತಾನಾಗಿ ಓಲಾಡೋದನ್ನು 2011ರಲ್ಲಿ ಸಂಶೋಧಕರು ಹೀಗೇ ವಿವರಿಸಿದರು. 14 ಟೆಸ್ಲಾದಿಂದ ಹೊರಬಂದ ಇಲಿಗಳು ಗಿರಗಿರ ಸುತ್ತುತ್ತವೆ, ಒಳಕಿವಿ ಕೆಡಿಸಿದ ಇಲಿಗಳು ಸುತ್ತೋದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಡಿಎನ್‌ಎ ಬಿಟ್ಟು ಇದನ್ನೇ ಹಿಡಿಯುತ್ತಿದ್ದೆ, ಇಲಿಯನ್ನು ಕೊಲ್ಲಲೂ ಬೇಕಿಲ್ಲ.

ಹೊಟ್ಟೆ ಉರಿಯೋದು ಏನಕ್ಕೆ ಗೊತ್ತಾ? ಮೊನ್ನೆ ಹಳೇ ಲ್ಯಾಬ್ ನೋಟ್‌ಬುಕ್ ಸಿಕ್ಕಿತು. ಮೊದಲ ದಿನದ ಪುಟದಲ್ಲಿ ನನ್ನದೇ ಕೈಬರಹ: "3, 7, 8ನೇ ಇಲಿಗಳು ಪಂಜರಕ್ಕೆ ಬಿಟ್ಟ ಮೇಲೆ ಒಂದೇ ಕಡೆಗೆ ಸುತ್ತುತ್ತಿವೆ. ಸುಸ್ತಾಗಿರಬೇಕು."