ಐಟಿಐ ವೆಲ್ಡರ್ ಮುಗಿಸಿ ವರ್ಷವಾಯ್ತು, ಕಲಬುರಗಿ ಜಿಲ್ಲೆಯ ಸೇಡಂ ಸುತ್ತ ಯಾರೂ ಕೆಲಸಕ್ಕೆ ತಗೊಳ್ತಿಲ್ಲ. ಪುಣೆಗೆ ಹೋಗೋದು ಒಳ್ಳೇದಾ?

ಹೋಗ್ರಿ, ಆದ್ರೆ ಈಗಲೇ ಬೇಡ. ವ್ಯಾಪಾರ ಬಿದ್ದಾಗ ಕಂಪನಿಗಳು ಮೊದಲು ನಿಲ್ಲಿಸೋದು ಕಾಯಂ ನೇಮಕಾತಿ. ರಿಪೇರಿ ನಿಲ್ಲಿಸೋಕೆ ಬರಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಕಿಲ್ನ್ (ಸುಣ್ಣಕಲ್ಲು ಸುಡೋ ದೊಡ್ಡ ಕುಲುಮೆ) ಒಳಗಿನ ಮಾಲು ಸುಮಾರು 1,450 ಡಿಗ್ರಿವರೆಗೆ ಕಾಯುತ್ತೆ. ಒಳಗಿನ ಇಟ್ಟಿಗೆ ಸವೆಯದೇ ಇರಲ್ಲ. ಅದನ್ನ ಬದಲಿಸೋಕೆ ಶಟ್‌ಡೌನ್ ತಗೋಬೇಕು, ಹೆಚ್ಚಾಗಿ ಸಿಮೆಂಟ್ ಬೇಡಿಕೆ ಇಳಿಯೋ ಮಳೆಗಾಲದಲ್ಲಿ. ಆಗ ಉಳಿದ ರಿಪೇರಿಗೂ ವೆಲ್ಡರ್, ಫಿಟ್ಟರ್, ರಿಗ್ಗರ್ (ಭಾರದ ಸಾಮಾನು ಎತ್ತಿ ಕೂರಿಸೋರು) ಬೇಕೇ ಬೇಕು. ತಗೊಳ್ಳೋದು ಮಾತ್ರ ಕಂಪನಿಯ ಎಚ್‌ಆರ್ ಅಲ್ಲ, ಗುತ್ತೇದಾರ. ಮೇಲ್‌ನಲ್ಲಿ ಬಯೋಡಾಟಾ ಕಳಿಸಿ ಕೂತ್ರೆ ಅವನಿಗೆ ಗೊತ್ತೇ ಆಗಲ್ಲ. ಗೇಟ್ ಹತ್ತಿರದ ಚಹಾ ಅಂಗಡಿಯಲ್ಲಿ ಸೂಪರ್‌ವೈಸರ್‌ಗಳನ್ನ ಮಾತಾಡಿಸ್ರಿ, ಮೇ ತಿಂಗಳಲ್ಲೇ.

ಹೊಸಬರು ಬೀಳೋದು ಗೇಟ್ ಟೆಸ್ಟ್‌ನಲ್ಲಿ, ಅಂದ್ರೆ ಕೆಲಸಕ್ಕೆ ತಗೊಳ್ಳೋ ಮುಂಚಿನ ವೆಲ್ಡಿಂಗ್ ಪರೀಕ್ಷೆಯಲ್ಲಿ. ಐಟಿಐಯಲ್ಲಿ ಕೈ ಕೂತಿರೋದು 6013 ರಾಡ್ ಮೇಲೆ, ಎಸಿ ಮಷೀನ್ ಮೇಲೆ. ಟೆಸ್ಟ್‌ಗೆ ಕೊಡೋದು ಸಾಮಾನ್ಯವಾಗಿ 7018 ರಾಡ್, ನೆಟ್ಟಗೆ ನಿಲ್ಲಿಸಿದ ಪ್ಲೇಟ್, ಅಂದ್ರೆ 3ಜಿ. ಊರಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಡಿಸಿ ಇನ್ವರ್ಟರ್ ಇದ್ರೆ ಸಂಜೆ ಕೇಳಿಕೊಂಡು ಕೈ ಮಾಡ್ಕೋರಿ. ಗುಜರಿಯ 10 ಎಂ.ಎಂ. ಪ್ಲೇಟ್ ಎರಡು ತುಂಡು, ಒಂದೊಂದರ ಅಂಚಿಗೂ 30 ಡಿಗ್ರಿ ಬೆವೆಲ್ (ಓರೆ ಕೊರೆತ), ನಡುವೆ 2.5ರಿಂದ 3 ಎಂ.ಎಂ. ಸಂದು. ಹೋಲ್ಡರ್ ಪಾಸಿಟಿವ್‌ಗೆ ಹಾಕ್ರಿ. ರೂಟ್‌ಗೆ, ಅಂದ್ರೆ ಸಂದಿನ ತಳದ ಮೊದಲ ವೆಲ್ಡ್‌ಗೆ, 2.5 ಎಂ.ಎಂ. ರಾಡ್, 70–90 ಆಂಪಿಯರ್. ಮೇಲಿನ ರನ್‌ಗಳಿಗೆ 3.15 ರಾಡ್, 100–120. ಕೆಳಗಿಂದ ಮೇಲಕ್ಕೇ ಎಳೀಬೇಕು. ಆರ್ಕ್ ಉದ್ದ ಆದ್ರೆ ತೂತು ಬೀಳ್ತಾವೆ, ಎರಡೂ ಬದಿಗೆ ಒಂದು ಕ್ಷಣ ನಿಲ್ಲದಿದ್ರೆ ಅಂಚು ಕೊರೆದು ಅಂಡರ್‌ಕಟ್ ಆಗುತ್ತೆ. ತೇವ ಕುಡಿದ 7018 ಅಂತೂ ಯಾರ ಕೈಯಲ್ಲೂ ಕೇಳಲ್ಲ. ಓವನ್‌ನಿಂದ ತೆಗೆದ ಬಿಸಿ ರಾಡ್ ಕೇಳಿ ತಗೊಳ್ರಿ, ನಾಚಿಕೆ ಬೇಡ. ಪ್ಲೇಟ್ ತಿರುವಿ ನೋಡಿದಾಗ ಹಿಂದೆ ರೂಟ್ ಒಂದೇ ಸಮ ಉಬ್ಬಿ ಕಾಣಬೇಕು. ಇನ್‌ಸ್ಪೆಕ್ಟರ್ ಮೊದಲು ನೋಡೋದೇ ಅದನ್ನ.

ಶಟ್‌ಡೌನ್ ಕೆಲಸದ ದೋಷ ಏನಂದ್ರೆ, ಮುಗಿದ ಮೇಲೆ ಕೈಯಲ್ಲಿ ಕಾಗದ ಉಳಿಯಲ್ಲ. ಸೇರುವಾಗಲೇ ಪಿಎಫ್‌ನ ಯುಎಎನ್ (ಎಲ್ಲಿ ಕೆಲಸ ಮಾಡಿದ್ರೂ ಒಂದೇ ಇರೋ ಪಿಎಫ್ ಗುರುತಿನ) ನಂಬರ್ ಕೇಳ್ರಿ. ಹಳೇದಿದ್ರೆ ಅದನ್ನೇ ಕೊಡ್ರಿ, ಇಲ್ಲಾಂದ್ರೆ ಗುತ್ತೇದಾರಗೊಂದು ನಂಬರ್ ಆಗಿ ಅನುಭವ ಚೂರುಚೂರಾಗುತ್ತೆ. ಕೆಲಸ ಕೊಡಿಸ್ತೀನಿ ಅಂತ ಮೊದಲೇ ಡಿಪಾಸಿಟ್ ಕೇಳೋರ ಹತ್ತಿರ ನಿಲ್ಲಲೇಬೇಡ್ರಿ.

ಜೊತೆಗೆ ಅಪ್ರೆಂಟಿಸ್‌ಶಿಪ್‌ಗೂ ಹಾಕ್ರಿ. 30 ಅಥವಾ ಹೆಚ್ಚು ಜನ ಇರೋ ಸಂಸ್ಥೆ 2.5ರಿಂದ 15 ಪ್ರತಿಶತ ಅಪ್ರೆಂಟಿಸ್‌ಗಳನ್ನ ಕಾನೂನು ಪ್ರಕಾರ ತಗೊಳ್ಳಲೇಬೇಕು, ಗುತ್ತಿಗೆ ಕಾರ್ಮಿಕರೂ ಆ ಲೆಕ್ಕಕ್ಕೆ ಬರ್ತಾರೆ. ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೀವೇ ತೆರೆದು ನೋಡ್ರಿ. ಬಾಯಿಮಾತಿನ ಅಪ್ರೆಂಟಿಸ್‌ಗೆ ಸರ್ಟಿಫಿಕೇಟ್ ಸಿಗಲ್ಲ. ಆಧಾರ್‌ನಲ್ಲಿನ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರ್ಲಿ. ಅರ್ಜಿ ಸಿಕ್ಕಿಹಾಕಿಕೊಳ್ಳೋದು ಬಹಳ ಸಲ ಇಲ್ಲೇ.

ಇನ್ನೊಂದು ಕೆಲಸ ಈ ವಾರವೇ ಮುಗಿಸ್ರಿ: 371(ಜೆ), ಅಂದ್ರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ಸಂವಿಧಾನದ ವಿಧಿಯ, ಅರ್ಹತಾ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ, ಸಹಿ ಸಹಾಯಕ ಆಯುಕ್ತರದು. ಇಲ್ಲಿನ ಸರ್ಕಾರಿ ಹುದ್ದೆಗಳ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಸಿ’ಗೆ 80, ‘ಡಿ’ಗೆ 85 ಪ್ರತಿಶತ ಮೀಸಲು ಇದೆ. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರೋ ಜೆಸ್ಕಾಂ (ವಿದ್ಯುತ್ ಕಂಪನಿ), ಕೆಕೆಆರ್‌ಟಿಸಿ (ಬಸ್ ನಿಗಮ) ಹುದ್ದೆ ಕರೆದಾಗ ಇದು ಕೈಯಲ್ಲಿರಬೇಕು. ಅಧಿಸೂಚನೆ ಬಂದ ಮೇಲೆ ಓಡಿದ್ರೆ ಕಚೇರಿ ಮುಂದೆ ಸಾಲು, ಅರ್ಜಿಯ ಕೊನೇ ದಿನ ಅಲ್ಲೇ ದಾಟಿಹೋಗುತ್ತೆ.